ಹಳೇ ಲೇತಿಗೊಂದು ಜಾತಕ: ಅಳೆಯುವುದು, ಬರೆದಿಡುವುದು, ಸಹಾಯ ಕೇಳುವುದು

ಹೆಸರಿನ ತಟ್ಟೆಯೇ ಇಲ್ಲದ ಹಳೇ ಬ್ರಿಟಿಷ್ ಬೆಂಚ್ ಲೇತ್ (ಲೋಹದ ಸರಳನ್ನು ತಿರುಗಿಸಿ ಕಡೆಯುವ, ಮೇಜಿನ ಮೇಲೆ ಕೂರುವ ಯಂತ್ರ) ಒಂದು ಗುಜರಿಯಿಂದ ನನ್ನ ಶೆಡ್ಡಿಗೆ ಬಂದಾಗ ಅದರ ಒಂದು ಚೇಂಜ್ ಗೇರಿನ (ಬೇಕಾದ ಥ್ರೆಡ್ಡಿಗೆ ತಕ್ಕಂತೆ ಬದಲಿಸುವ ಗೇರು) ಮೂರು ಹಲ್ಲು ಮುರಿದಿದ್ದವು. 48 ಹಲ್ಲಿನ ಗೇರು. ಸವೆದು ಮುರಿದ ಆ ಗೇರನ್ನೇ ಅಳೆದು, 'ಮಾಡ್ಯೂಲ್ 1.25' ಎಂದು ಚೀಟಿಯಲ್ಲಿ ಬರೆದು, ಬೆಂಗಳೂರಿನ ಪೀಣ್ಯದಲ್ಲಿ ಗೇರ್ ಕಟಿಂಗ್ ಮಾಡುವವರ ಕೈಗೆ ಕೊಟ್ಟೆ. ಅವರು ಚೀಟಿಯಲ್ಲಿದ್ದುದನ್ನು ಚೊಕ್ಕವಾಗಿ ಮಾಡಿಕೊಟ್ಟರು. ಜೋಡಿಸಿ ಓಡಿಸಿದರೆ ಒಂದೊಂದು ಹಲ್ಲೂ ಕಿರುಗುಟ್ಟುತ್ತಿತ್ತು. ತಪ್ಪು ಅವರದ್ದಲ್ಲ, ನನ್ನ ಚೀಟಿಯದು. ಅದು ಮಾಡ್ಯೂಲ್ (ಮಿಲಿಮೀಟರ್ ಲೆಕ್ಕದ) ಗೇರೇ ಅಲ್ಲ, 20 ಡಿ.ಪಿ. (ಡಯಾಮೆಟ್ರಲ್ ಪಿಚ್, ಇಂಚಿನ ಲೆಕ್ಕದ) ಗೇರು. ಎರಡಕ್ಕೂ ವರ್ನಿಯರಿನಲ್ಲಿ ಕಾಣುವ ವ್ಯತ್ಯಾಸ ಒಂದೇ ಒಂದು ಮಿಲಿಮೀಟರು.

ಪರಿಚಯದ ನಿವೃತ್ತ ಟರ್ನರ್ ಒಬ್ಬರಿಗೆ ಈ ಕತೆ ಹೇಳಿದೆ. "ನೋಡಪ್ಪಾ, ಮೊದಲು ಮಷಿನ್ನಿನ ಜಾತಕ ಬರಿ. ಆಮೇಲೆ ನಾಕು ಜನದ ಹತ್ರ ತಗೊಂಡು ಹೋಗು" ಅಂದರು. ಅಂದಿನಿಂದ ನನ್ನ ಕೈಗೆ ಬಂದ ಪ್ರತಿ ಲೇತಿಗೂ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಡುತ್ತಿದ್ದೇನೆ. ಹಳೇ ಲೇತ್ ಇಟ್ಟುಕೊಂಡವರು ಒಬ್ಬರಿಗೊಬ್ಬರು ನೆರವಾಗುವುದು ಈ ಅಳತೆಗಳ ಮೂಲಕವೇ. ಫೋಟೊ ನೋಡಿ "ಚೆನ್ನಾಗಿದೆ" ಎನ್ನಬಹುದು. ಅಳತೆ ಇದ್ದರೆ ಮಾತ್ರ ನಿಮಗೆ ಬೇಕಾದ ಭಾಗವನ್ನು ಇನ್ನೊಬ್ಬರು ಹುಡುಕಿಕೊಡಬಹುದು, ಮಾಡಿಕೊಡಬಹುದು. ಆ ಪುಸ್ತಕದಲ್ಲಿ ಏನೇನು ಬರೆಯಬೇಕು, ಹೇಗೆ ಅಳೆಯಬೇಕು ಎಂಬುದು ಇಲ್ಲಿದೆ.

ಮೊದಲು ಬರೆಯಿರಿ, ಆಮೇಲೆ ತೊಳೆಯಿರಿ

ಲೇತ್ ಮನೆಗೆ ಬಂದ ದಿನ ಕೈ ತುರಿಸುತ್ತದೆ: ಸೀಮೆಎಣ್ಣೆ ಹಾಕಿ ಉಜ್ಜೋಣ, ಹಳೇ ಬಣ್ಣ ಕೆರೆದು ಹೊಸದು ಹೊಡೆಯೋಣ ಅಂತ. ಒಂದು ವಾರ ತಡೆಯಿರಿ. ಜಿಡ್ಡಿನ ಕೆಳಗೆ, ಬಣ್ಣದ ಕೆಳಗೆ ಇರುವ ಗುರುತುಗಳು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ. ಗೇರುಗಳು ಯಾವ ಕ್ರಮದಲ್ಲಿ ಕೂತಿವೆ, ಯಾವ ವಾಷರ್ ಎಲ್ಲಿದೆ, ಬೇರಿಂಗ್ ಟೋಪಿಯ ಕೆಳಗೆ ಎಷ್ಟು ತೆಳು ತಗಡು ಇಟ್ಟಿದ್ದಾರೆ ಎಂಬುದೆಲ್ಲ ಹಿಂದಿನ ಮಾಲೀಕ ನಿಮಗೆ ಬಿಟ್ಟುಹೋದ ಮಾಹಿತಿ. ಆ ತಗಡುಗಳನ್ನು ಕಸವೆಂದು ಎಸೆದವರನ್ನು ನಾನು ನೋಡಿದ್ದೇನೆ. ಸಾದಾ (ಗುಂಡು, ರೋಲರ್ ಇಲ್ಲದ) ಬೇರಿಂಗಿನ ಲೇತಿನಲ್ಲಿ ಸಂದು ಹೊಂದಿಸುವುದೇ ಆ ತಗಡು. ಎಡಗಡೆ ಎಷ್ಟು, ಬಲಗಡೆ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಎಣಿಸಿ, ಬೇರೆ ಬೇರೆ ಲಕೋಟೆಯಲ್ಲಿ ಹಾಕಿಡಿ.

ಫೋಟೊ ತೆಗೆಯುವಾಗ ಒಂದು ಸ್ಟೀಲ್ ಸ್ಕೇಲನ್ನು ಪಕ್ಕದಲ್ಲಿ ಇಡಿ. ಮುಂಭಾಗದಿಂದ ಇಡೀ ಯಂತ್ರ, ಎಡಗಡೆಯ ಮುಚ್ಚಳ ತೆರೆದು ಗೇರುಗಳು, ಚಕ್ (ಸರಳನ್ನು ಹಿಡಿಯುವ ಹಿಡಿಕೆ) ಬಿಚ್ಚಿ ಸ್ಪಿಂಡಲ್ (ತಿರುಗುವ ಮುಖ್ಯ ದಂಡ) ಮೂಗು, ಏಪ್ರನ್ (ಟೂಲ್ ಹೊತ್ತು ಸರಿಯುವ ಕ್ಯಾರೇಜಿನ ಮುಂದಿನ ಪೆಟ್ಟಿಗೆ), ಟೈಲ್ ಸ್ಟಾಕ್ (ಸರಳಿನ ಬಲ ತುದಿಗೆ ಆಸರೆ ಕೊಡುವ ಭಾಗ), ಬೆಡ್ಡಿನ (ಇವೆಲ್ಲ ಕೂರುವ ಉದ್ದ ತಳದ) ಬಲ ತುದಿ. ಇಷ್ಟಿದ್ದರೆ ಸಾಕು. ಹಿಂಬದಿಯ ಒಂದು ಫೋಟೊ ಕೂಡ ತೆಗೆಯಿರಿ. ಅದನ್ನು ಬಹಳ ಜನ ಮರೆಯುತ್ತಾರೆ, ಆದರೆ ಮೋಟರ್ ಎಲ್ಲಿ ಕೂರುತ್ತದೆ, ಬೆಲ್ಟ್ ಹೇಗೆ ಬರುತ್ತದೆ ಎಂಬುದರಲ್ಲೇ ಎಷ್ಟೋ ಯಂತ್ರಗಳ ಗುರುತು ಸಿಗುತ್ತದೆ.

ಬಣ್ಣ ತೆಗೆಯಲೇಬೇಕಾದರೆ ಒಣ ಎಮರಿ ಪೇಪರಿನಿಂದ ಉಜ್ಜಬೇಡಿ. ಹಳೇ ಯಂತ್ರಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಆ ಧೂಳು ಮನೆಯ ಮಕ್ಕಳ ಹೊಟ್ಟೆಗೆ ಹೋಗಬಾರದು. ಕಾಸ್ಟಿಕ್ ಸೋಡಾ ನೀರಿನಲ್ಲಿ ಭಾಗಗಳನ್ನು ಅದ್ದುವ ಮುನ್ನ ಅವು ಯಾವ ಲೋಹ ಎಂದು ನೋಡಿ. ಕಬ್ಬಿಣಕ್ಕೆ ಏನೂ ಆಗದು, ಅಲ್ಯುಮಿನಿಯಮ್ ಮತ್ತು ಸತುವಿನ ಎರಕವನ್ನು ಅದು ತಿಂದುಹಾಕುತ್ತದೆ. ಅಮೆರಿಕದ ಅಟ್ಲಾಸ್ ಲೇತುಗಳ ಚೇಂಜ್ ಗೇರುಗಳು ಸತುವಿನ ಮಿಶ್ರಲೋಹದವು. ಒಂದು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಹಲ್ಲು ಉಳಿದಿರುವುದಿಲ್ಲ.

ಯಾವ ಅಂಕಿ ಯಾವುದರದ್ದು

ಯಂತ್ರದ ಮೇಲೆ ಎರಡು ಬಗೆಯ ಅಂಕಿಗಳು ಸಿಗುತ್ತವೆ. ಎರಕದಲ್ಲೇ ಉಬ್ಬಿ ಬಂದಿರುವ ಅಂಕಿ ಆ ಭಾಗದ ಅಚ್ಚಿನದ್ದು. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಎಲ್ಲ ಲೇತುಗಳಲ್ಲೂ ಅದೇ ಇರುತ್ತದೆ. ಪಂಚ್ ಹೊಡೆದು ಕೊರೆದ ಅಂಕಿ ಆ ಒಂದೇ ಯಂತ್ರದ್ದು, ಅಂದರೆ ಸೀರಿಯಲ್ ನಂಬರ್. ಉಬ್ಬು ಅಂಕಿಯನ್ನು ಸೀರಿಯಲ್ ಎಂದು ಬರೆದು "ಇದು ಯಾವ ವರ್ಷದ್ದು?" ಎಂದು ಕೇಳಿದರೆ ಉತ್ತರ ಕೊಡುವವರಿಗೆ ದಾರಿ ತಪ್ಪುತ್ತದೆ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಸಾಲಿನಲ್ಲಿ. ಹೆಸರಿಲ್ಲದ ಯಂತ್ರವನ್ನು ಹುಡುಕಲು ಉಬ್ಬು ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಇನ್ನೊಬ್ಬರ ಯಂತ್ರದಲ್ಲೂ ಅದು ಇರುತ್ತದೆ.

ಸೀರಿಯಲ್ ಹುಡುಕಲು ಮೊದಲು ಬೆಡ್ಡಿನ ಬಲ ತುದಿ, ಟೈಲ್ ಸ್ಟಾಕ್ ಇರುವ ಕಡೆ ನೋಡಿ. ಅಮೆರಿಕದ ಸೌತ್ ಬೆಂಡ್ ಲೇತುಗಳಲ್ಲಿ ಅದು ಅಲ್ಲೇ, ಬೆಡ್ಡಿನ ಮೇಲ್ಮೈಯಲ್ಲಿ ಇರುತ್ತದೆ. ಇಂಗ್ಲೆಂಡಿನ ಮೈಫೋರ್ಡ್ ಎಂಎಲ್7 ಆದರೆ ಅಂಕಿಯ ಮುಂದೆ 'ಕೆ', ಸೂಪರ್ 7 ಆದರೆ 'ಎಸ್‌ಕೆ' ಅಕ್ಷರ ಇರುತ್ತದೆ. ಅಂಕಿ ಸವೆದಿದ್ದರೆ ಜಾಗವನ್ನು ಥಿನ್ನರಿನಿಂದ ಒರೆಸಿ, ಬಿಳೀ ಚಾಕ್‌ಪೀಸ್ ಉಜ್ಜಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಥವಾ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ತೀಡಿ. ನಾವು ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆಯೇ. ಎಮರಿ ಮಾತ್ರ ಮುಟ್ಟಿಸಬೇಡಿ.

ತಟ್ಟೆಯ ಮೇಲಿನ ಹೆಸರೆಲ್ಲ ತಯಾರಕರ ಹೆಸರಲ್ಲ. ಆಮದು ಯಂತ್ರಗಳಿಗೆ ಏಜೆಂಟರು ತಮ್ಮ ತಟ್ಟೆ ಹೊಡೆಯುತ್ತಿದ್ದರು. ಕವೆಂಟ್ರಿಯ ಆಲ್ಫ್ರೆಡ್ ಹರ್ಬರ್ಟ್ ಕಂಪನಿ ಸ್ವತಃ ಲೇತ್ ತಯಾರಿಸುತ್ತಿತ್ತು, ಬೇರೆಯವರ ಯಂತ್ರಗಳನ್ನೂ ಮಾರುತ್ತಿತ್ತು. ಆ ಹೆಸರು ಕಂಡ ಕೂಡಲೇ ತೀರ್ಮಾನಕ್ಕೆ ಬರಬಾರದು. ಆದರೂ ಏಜೆಂಟರ ತಟ್ಟೆಯನ್ನು ಬಿಡದೆ ಬರೆದಿಡಿ, ಯಂತ್ರ ಯಾವ ದಾರಿಯಲ್ಲಿ ಬಂತು ಎಂದು ಅದೇ ಹೇಳುತ್ತದೆ.

ನಮ್ಮ ಕಡೆ ಹಳೇ ಲೇತುಗಳು ಬಂದ ದಾರಿಗಳು ಹಲವು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದಾಗ ಅಮೆರಿಕದಿಂದ ಯಂತ್ರಗಳು ಬಂದವು. ಕೋಲಾರದ ಚಿನ್ನದ ಗಣಿಗಳನ್ನು ಬ್ರಿಟಿಷ್ ಕಂಪನಿ ನಡೆಸುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಇವತ್ತಿಗೂ ದುಡಿಯುತ್ತಿವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಎಚ್‌ಎಂಟಿ ಸ್ಥಾಪನೆಯಾಗಿ, ಜಾಲಹಳ್ಳಿಯಲ್ಲಿ ಎಚ್22 ಲೇತಿನಿಂದ ಕೆಲಸ ಆರಂಭವಾಯಿತು. ಇನ್ನು ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್ ಕಡೆಯ ಲೇತುಗಳು ಊರೂರಿನ ವೆಲ್ಡಿಂಗ್ ಶಾಪಿನಲ್ಲೂ ಇವೆ. ಇವುಗಳ ಬಗ್ಗೆ ಒಂದು ಮಾತು: ನೋಡಲು ಅಕ್ಕತಂಗಿಯರಂತೆ ಇರುವ ಎರಡು ಲೇತುಗಳ ಭಾಗ ಒಂದಕ್ಕೊಂದು ಕೂರದೇ ಇರಬಹುದು. ಆದ್ದರಿಂದ ಇವಕ್ಕೆ ಮಾಡೆಲ್ ಹೆಸರಿಗಿಂತ ಅಳತೆಯೇ ಮುಖ್ಯ.

ಇನ್ನೊಂದು ವಿಷಯ ಗಮನದಲ್ಲಿರಲಿ. ಒಂದು ಕಾಲದ ಒಳ್ಳೆಯ ಲೇತುಗಳನ್ನು ಬೇರೆ ದೇಶದವರು ಅನುಸರಿಸಿ ಮಾಡಿದ್ದಾರೆ. ಸೌತ್ ಬೆಂಡಿನ 9 ಇಂಚಿನ ಲೇತನ್ನು ಇಂಗ್ಲೆಂಡಿನ ಬಾಕ್ಸ್‌ಫೋರ್ಡ್, ಆಸ್ಟ್ರೇಲಿಯಾದ ಹರ್ಕಸ್ ಎರಡೂ ಅನುಸರಿಸಿದವು. ಹಾಗಾಗಿ ನಿಮ್ಮ ಯಂತ್ರದ ಭಾಗ ಸಿಗದಿದ್ದರೆ ಅದರ ನೆಂಟರ ಮನೆಯಲ್ಲಿ ವಿಚಾರಿಸಬಹುದು.

ಲೇತ್ ಎಷ್ಟು ದೊಡ್ಡದು?

ಈ ಒಂದು ಪ್ರಶ್ನೆಯಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ "ಆರಡಿ ಲೇತ್" ಎಂದರೆ ಬೆಡ್ಡಿನ ಉದ್ದ. ಬ್ರಿಟಿಷರು ಬೆಡ್ಡಿನಿಂದ ಸೆಂಟರಿನವರೆಗಿನ (ಸರಳು ತಿರುಗುವ ನಡುಗೆರೆಯವರೆಗಿನ) ಎತ್ತರ ಹೇಳುತ್ತಾರೆ. ಅಮೆರಿಕನ್ನರು ಬೆಡ್ಡಿನ ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ ಹೇಳುತ್ತಾರೆ, ಅಂದರೆ ಎತ್ತರದ ಎರಡರಷ್ಟು. 1946ರಲ್ಲಿ ಬಂದ ಮೈಫೋರ್ಡ್ ಎಂಎಲ್7 ಮೂರೂವರೆ ಇಂಚಿನ ಲೇತ್, ಸೌತ್ ಬೆಂಡ್ 9 ಇಂಚಿನದ್ದು. ಕೇಳಿದರೆ ಒಂದು ಇನ್ನೊಂದರ ಮೊಮ್ಮಗುವಿನಂತೆ ತೋರುತ್ತದೆ. ಒಂದೇ ಲೆಕ್ಕದಲ್ಲಿ ಹೇಳಿದರೆ 7 ಇಂಚು ಮತ್ತು 9 ಇಂಚು, ಅಷ್ಟೇ. ಎಚ್‌ಎಂಟಿಯ ಎನ್‌ಎಚ್26ರಲ್ಲಿರುವ 26 ಸೆಂಟರಿನ ಎತ್ತರ, ಸೆಂಟಿಮೀಟರಿನಲ್ಲಿ.

ಆದ್ದರಿಂದ ಪುಸ್ತಕದಲ್ಲಿ ಮೂರು ಅಳತೆ ಬೇರೆ ಬೇರೆಯಾಗಿ ಬರೆಯಿರಿ: ಬೆಡ್ಡಿನಿಂದ ಸೆಂಟರ್ ಎತ್ತರ, ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಮೇಲಿನಿಂದ ಸೆಂಟರ್ ಎತ್ತರ, ಟೈಲ್ ಸ್ಟಾಕನ್ನು ತುದಿಗೆ ತಳ್ಳಿದಾಗ ಎರಡು ಸೆಂಟರುಗಳ (ಸರಳನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವಿನ ದೂರ. ಬೆಡ್ಡಿನ ಒಟ್ಟು ಉದ್ದವನ್ನೂ ಬರೆಯಿರಿ, ಸಾಗಿಸುವಾಗ ಬೇಕಾಗುತ್ತದೆ.

ಸ್ಪಿಂಡಲ್ ಮೂಗು

ಚಕ್ ಬೇಕು ಎಂದು ಕೇಳುವವರು ಬಹಳ, ಸ್ಪಿಂಡಲ್ ಮೂಗಿನ ಅಳತೆ ಕೊಡುವವರು ಕಡಿಮೆ. ಮೊದಲು ಬಗೆ ಗುರುತಿಸಿ. ಬರಿಯ ಥ್ರೆಡ್ ಇದೆಯೇ? ಉದ್ದನೆಯ ಟೇಪರ್, ಅದರಲ್ಲೊಂದು ಕೀ, ಹಿಂದೆ ತಿರುಗುವ ದೊಡ್ಡ ರಿಂಗ್ ನಟ್ ಇದೆಯೇ? ಅಥವಾ ಮೂಗಿನ ಮುಖದಲ್ಲಿ ರಂಧ್ರಗಳಿದ್ದು ಪಕ್ಕದಿಂದ ಚಾವಿ ಹಾಕಿ ತಿರುಗಿಸುವ ಕ್ಯಾಮ್‌ಲಾಕ್ ಇದೆಯೇ? ಕ್ಯಾಮ್‌ಲಾಕ್ ಆದರೆ ರಂಧ್ರ ಎಣಿಸಿ. ಡಿ1-3, ಡಿ1-4ಕ್ಕೆ ಮೂರು, ಡಿ1-5, ಡಿ1-6ಕ್ಕೆ ಆರು.

ಥ್ರೆಡ್ ಇರುವ ಮೂಗಿಗೆ ಹೊರವ್ಯಾಸ, ಒಂದು ಇಂಚಿಗೆ ಎಷ್ಟು ಥ್ರೆಡ್, ಇಷ್ಟನ್ನೇ ಬರೆದು ನಿಲ್ಲಿಸುತ್ತಾರೆ. ಮೈಫೋರ್ಡ್ 7ರ ಸಾಲಿನದ್ದು ಒಂದು ಇಂಚು ಮತ್ತು ಎಂಟನೇ ಒಂದು ಭಾಗ, 12 ಥ್ರೆಡ್. ಸೌತ್ ಬೆಂಡ್ 9 ಇಂಚಿನದ್ದು ಒಂದೂವರೆ ಇಂಚು, 8 ಥ್ರೆಡ್. ಆದರೆ ಚಕ್ಕನ್ನು ನಡುವಿಗೆ ತಂದು ಕೂರಿಸುವುದು ಥ್ರೆಡ್ ಅಲ್ಲ. ಥ್ರೆಡ್ ಎಳೆದುಕೊಳ್ಳುತ್ತದೆ ಅಷ್ಟೇ. ಥ್ರೆಡ್ಡಿನ ಹಿಂದೆ ನುಣ್ಣಗಿರುವ ಭಾಗ, ಅದರ ಹಿಂದಿನ ಸಮತಟ್ಟು ಭುಜ, ಇವೆರಡೇ ನಿಖರತೆ ಕೊಡುವುದು. ಆ ನುಣ್ಣನೆಯ ಭಾಗದ ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆಯಿರಿ, ಉದ್ದವನ್ನು ವರ್ನಿಯರಿನ ಬಾಲದಿಂದ. ಬ್ಯಾಕ್ ಪ್ಲೇಟ್ (ಚಕ್ಕನ್ನು ಮೂಗಿಗೆ ಜೋಡಿಸುವ ತಟ್ಟೆ) ಮಾಡಿಕೊಡುವವರಿಗೆ ಈ ಅಳತೆ ಇದ್ದರೆ ಮಾತ್ರ ಕೆಲಸ ಸರಿಹೋಗುತ್ತದೆ. ಸ್ಪಿಂಡಲ್ ಒಳಗಿನ ಮೋರ್ಸ್ ಟೇಪರ್ (ಗೊತ್ತಾದ ಅಳತೆಯ ಓರೆ ರಂಧ್ರ) ಸಂಖ್ಯೆ, ಆರಪಾರ ಎಷ್ಟು ದಪ್ಪದ ಸರಳು ಹೋಗುತ್ತದೆ ಎಂಬುದನ್ನೂ ಸೇರಿಸಿ. ಟ್ರೂ ಚಕ್ (ಮೂರು ದವಡೆಯೂ ಒಟ್ಟಿಗೆ ಸರಿಯುವುದು) ಬೇಕೋ ಡಾಗ್ ಚಕ್ (ನಾಲ್ಕು ದವಡೆ ಬೇರೆ ಬೇರೆ ಸರಿಯುವುದು) ಬೇಕೋ ಎಂದು ಹೇಳುವುದನ್ನು ಮರೆಯಬೇಡಿ.

ಲೀಡ್ ಸ್ಕ್ರೂ ಮತ್ತು ಗೇರುಗಳು

ನನ್ನ ಪುಸ್ತಕದಲ್ಲಿ ಹೆಚ್ಚು ಪುಟ ತೆಗೆದುಕೊಂಡಿರುವುದು ಇದೇ ಭಾಗ.

ಲೀಡ್ ಸ್ಕ್ರೂ (ಥ್ರೆಡ್ ಕತ್ತರಿಸುವಾಗ ಕ್ಯಾರೇಜನ್ನು ಎಳೆಯುವ ಉದ್ದ ಸ್ಕ್ರೂ) ಇಂಚಿನದ್ದೋ ಮಿಲಿಮೀಟರಿನದ್ದೋ ಎಂದು ತಿಳಿಯಲು ಒಂದು ಥ್ರೆಡ್ ಅಳೆದರೆ ಸಾಲದು. ಹತ್ತು ಥ್ರೆಡ್ ಅಳೆಯಿರಿ. ಇಂಚಿಗೆ 4 ಥ್ರೆಡ್ ಇದ್ದರೆ ಹತ್ತಕ್ಕೆ 63.5 ಮಿಲಿಮೀಟರು, 6 ಮಿಲಿಮೀಟರಿನ ಸ್ಕ್ರೂ ಆದರೆ 60. ಇಂಚಿಗೆ 8 ಇದ್ದರೆ 31.75, 3 ಮಿಲಿಮೀಟರಿನದ್ದಾದರೆ 30. ಈಗ ತಪ್ಪಲು ಸಾಧ್ಯವಿಲ್ಲ. ಸವೆಯದ ಜಾಗದಲ್ಲಿ, ಅಂದರೆ ಟೈಲ್ ಸ್ಟಾಕ್ ಕಡೆಯ ತುದಿಯಲ್ಲಿ ಅಳೆಯಿರಿ.

ಕ್ರಾಸ್ ಸ್ಲೈಡ್ ಡಯಲ್ಲನ್ನು ನಂಬಬೇಡಿ. ರಿಪೇರಿಯಲ್ಲಿ ಸ್ಕ್ರೂ ಬದಲಾಗಿ ಡಯಲ್ ಹಾಗೇ ಉಳಿದ ಯಂತ್ರಗಳಿವೆ. ಡಯಲ್ ಗೇಜ್ ಇಟ್ಟು ಒಂದು ಪೂರ್ತಿ ಸುತ್ತು ತಿರುಗಿಸಿ. 2.54 ಮಿಲಿಮೀಟರ್ ನಡೆದರೆ ಸ್ಕ್ರೂ ಇಂಚಿಗೆ 10 ಥ್ರೆಡ್ಡಿನದ್ದು. ತಿರುಗಿಸುವಾಗ ಒಂದೇ ದಿಕ್ಕಿನಿಂದ ಬನ್ನಿ, ಇಲ್ಲದಿದ್ದರೆ ನಟ್ಟಿನ ಸಡಿಲವೂ ಲೆಕ್ಕದಲ್ಲಿ ಸೇರುತ್ತದೆ.

ಈಗ ನಾನು ಎಡವಿದ ಕಡೆ. ಗೇರಿನ ಹಲ್ಲೆಣಿಸಿ, ಎರಡು ಕೂಡಿಸಿ. ಹೊರವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಆ ಮೊತ್ತದಿಂದ ಭಾಗಿಸಿ. ಬಂದದ್ದು ಮಾಡ್ಯೂಲ್. 48 ಹಲ್ಲಿಗೆ ಎರಡು ಕೂಡಿದರೆ 50. ವ್ಯಾಸ 62.5 ಬಂದರೆ ಮಾಡ್ಯೂಲ್ 1.25. ವ್ಯಾಸ 63.5 ಬಂದರೆ 1.27, ಅಂಥ ಮಾಡ್ಯೂಲ್ ಯಾರೂ ಇಟ್ಟುಕೊಳ್ಳುವುದಿಲ್ಲ. 25.4ನ್ನು 1.27ರಿಂದ ಭಾಗಿಸಿದರೆ 20. ಅದು 20 ಡಿ.ಪಿ., ಇಂಚಿನ ಲೆಕ್ಕದ ಗೇರು. ಸೌತ್ ಬೆಂಡ್ 9 ಇಂಚಿನ ಗೇರುಗಳು 18 ಡಿ.ಪಿ., ಅವಕ್ಕೆ 1.41 ಬರುತ್ತದೆ. ಹಲ್ಲಿನ ತುದಿ ಸವೆದಿದ್ದರೆ ವ್ಯಾಸ ಕಡಿಮೆ ತೋರಿಸುತ್ತದೆ, ನನಗಾದದ್ದು ಅದೇ. ಅದಕ್ಕೆ ಸೆಟ್ಟಿನಲ್ಲಿ ಅತಿ ಕಡಿಮೆ ಸವೆದ, ಅತಿ ದೊಡ್ಡ ಗೇರನ್ನು ಹುಡುಕಿ ಅಳೆಯಿರಿ. ಸಮ ಸಂಖ್ಯೆಯ ಹಲ್ಲಿನದ್ದಾಗಿರಲಿ, ಎದುರುಬದುರು ಹಲ್ಲಿಗೆ ವರ್ನಿಯರ್ ಸರಿಯಾಗಿ ಕೂರುತ್ತದೆ. ಎರಡು ಮೂರು ಗೇರು ಅಳೆದು ಒಂದೇ ಉತ್ತರ ಬಂದರೆ ಮಾತ್ರ ಪುಸ್ತಕಕ್ಕೆ ಇಳಿಸಿ.

ಇನ್ನೊಂದಿದೆ: ಹಲ್ಲಿನ ಒತ್ತಡದ ಕೋನ. ಹಳೆಯವು ಬಹಳಷ್ಟು ಹದಿನಾಲ್ಕೂವರೆ ಡಿಗ್ರಿ, ಈಗಿನವು 20 ಡಿಗ್ರಿ. 20 ಡಿಗ್ರಿಯ ಹಲ್ಲು ಬುಡದಲ್ಲಿ ದಪ್ಪ, ಹದಿನಾಲ್ಕೂವರೆಯದ್ದು ಬುಡದಲ್ಲಿ ಸಣಕಲು. ಡಿ.ಪಿ. ಒಂದೇ ಇದ್ದರೂ ಇವೆರಡು ಒಂದಕ್ಕೊಂದು ಹೊಂದುವುದಿಲ್ಲ. ಅನುಮಾನವಿದ್ದರೆ ಒಂದು ಒಳ್ಳೆಯ ಗೇರನ್ನೇ ಗೇರ್ ಕಟಿಂಗ್ ಮಾಡುವವರ ಬಳಿ ಒಯ್ಯಿರಿ. ಕಟರನ್ನು ಹಲ್ಲಿನ ಸಂದಿಗೆ ಇಟ್ಟು ಬೆಳಕಿಗೆ ಹಿಡಿದರೆ ಅವರಿಗೆ ತಿಳಿದುಬಿಡುತ್ತದೆ. ಜೊತೆಗೆ ಗೇರಿನ ದಪ್ಪ, ಬೋರ್, ಕೀ ದಾರಿಯ ಅಗಲ ಬರೆದುಕೊಂಡು ಹೋಗಿ.

ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ ಕತ್ತರಿಸಲು 127 ಹಲ್ಲಿನ ಗೇರು ಬೇಕು ಎನ್ನುವುದನ್ನು ಕೇಳಿರುತ್ತೀರಿ. 25.4ನ್ನು ಐದರಿಂದ ಗುಣಿಸಿದರೆ 127, ಅದಕ್ಕೆ ಕಾರಣ ಇಷ್ಟೇ. ನಿಮ್ಮ ಸೆಟ್ಟಿನಲ್ಲಿ ಅದು ಇಲ್ಲದಿದ್ದರೆ, ಅಥವಾ ಅಷ್ಟು ದೊಡ್ಡ ಗೇರು ಮುಚ್ಚಳದೊಳಗೆ ಹಿಡಿಸದಿದ್ದರೆ ದುಡ್ಡು ಸುರಿಯಲು ಹೋಗಬೇಡಿ. 80 ಮತ್ತು 63 ಹಲ್ಲಿನ ಜೋಡಿ ಹಾಕಿದರೆ, 127 ಮತ್ತು 100 ಹಲ್ಲಿನ ಜೋಡಿ ಕೊಡುವ 1.27ರ ಬದಲು 1.2698 ಸಿಗುತ್ತದೆ. ಒಂದು ಮೀಟರ್ ಉದ್ದದ ಥ್ರೆಡ್ಡಿನಲ್ಲಿ ತಪ್ಪು ಸುಮಾರು 0.125 ಮಿಲಿಮೀಟರು. ಬೋಲ್ಟಿಗೆ, ನಟ್ಟಿಗೆ, ನಲ್ಲಿಯ ಭಾಗಕ್ಕೆ ಇದು ಲೆಕ್ಕಕ್ಕೇ ಬಾರದು. ಹಳೇ ಸವೆದ ಲೀಡ್ ಸ್ಕ್ರೂವಿನಲ್ಲಿರುವ ತಪ್ಪೇ ಇದಕ್ಕಿಂತ ಹೆಚ್ಚಿರುತ್ತದೆ.

ಹೆಡ್ ಸ್ಟಾಕಿನ (ಸ್ಪಿಂಡಲ್ ಇರುವ ಎಡಗಡೆಯ ಪೆಟ್ಟಿಗೆಯ) ಮೇಲಿರುವ ಥ್ರೆಡ್ಡಿಂಗ್ ಚಾರ್ಟನ್ನು ನೇರವಾಗಿ, ನೆರಳು ಬೀಳದಂತೆ ಫೋಟೊ ತೆಗೆಯಿರಿ. ಗೇರುಗಳ ಪಟ್ಟಿ, ಲೀಡ್ ಸ್ಕ್ರೂ ಸಂಖ್ಯೆ, ಫೀಡಿನ ಲೆಕ್ಕ ಎಲ್ಲ ಅದರಲ್ಲೇ ಇದೆ. ಸಹಾಯ ಕೇಳುವವರೆಲ್ಲ ಕಳಿಸಬೇಕಾದ ಒಂದೇ ಒಂದು ಫೋಟೊ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಸವಕಳಿಯನ್ನು ಸಂಖ್ಯೆಯಲ್ಲಿ ಹೇಳಿ

"ಬೆಡ್ ಸವೆದಿದೆ" ಎಂದರೆ ಎಷ್ಟು? ಚಕ್ ಹತ್ತಿರ ಬೆಡ್ ಹೆಚ್ಚು ಸವೆಯುತ್ತದೆ, ಟೈಲ್ ಸ್ಟಾಕ್ ಕಡೆ ಕಡಿಮೆ. ಕ್ಯಾರೇಜಿನ ಗಿಬ್ಬನ್ನು (ಸಡಿಲ ಹೊಂದಿಸುವ ಪಟ್ಟಿಯನ್ನು) ಚಕ್ ಹತ್ತಿರ ಸರಿಯಾಗಿ ಬಿಗಿ ಮಾಡಿ ಬಲಕ್ಕೆ ತಳ್ಳುತ್ತಾ ಹೋಗಿ. ಎಲ್ಲಿ ಬಿಗಿದು ನಿಲ್ಲುತ್ತದೋ ಅಲ್ಲಿಂದಾಚೆ ಬೆಡ್ ಹೊಸದರಂತಿದೆ ಎಂದರ್ಥ. ಚಕ್ಕಿನಿಂದ ಆ ಜಾಗ ಎಷ್ಟು ದೂರ ಎಂದು ಬರೆಯಿರಿ.

ಆಮೇಲೆ ಕತ್ತರಿಸಿ ನೋಡಿ. 30 ಮಿಲಿಮೀಟರ್ ಆಸುಪಾಸಿನ ಸರಳನ್ನು ಚಕ್ಕಿನಲ್ಲಿ ಹಿಡಿದು, ಟೈಲ್ ಸ್ಟಾಕ್ ಆಸರೆ ಕೊಡದೆ, 100 ಮಿಲಿಮೀಟರ್ ಅಂತರದಲ್ಲಿ ಎರಡು ಬಳೆಗಳಂತೆ ಬಿಟ್ಟು ನಡುವಿನದನ್ನು ತೆಗೆಯಿರಿ. ಕ್ರಾಸ್ ಸ್ಲೈಡ್ ಮುಟ್ಟದೆ, ಹರಿತವಾದ ಟೂಲಿನಿಂದ ಎರಡೂ ಬಳೆಗಳ ಮೇಲೆ ಹಗುರ ಕಟ್ ಹೊಡೆದು ಮೈಕ್ರೋಮೀಟರಿನಿಂದ ಅಳೆಯಿರಿ. ವ್ಯತ್ಯಾಸ ಬಂತೆಂದು ಕೂಡಲೇ ಬೆಡ್ ಗ್ರೈಂಡಿಂಗಿಗೆ ಓಡಬೇಡಿ. ಲೇತ್ ಕೂತ ನೆಲ ಸಮ ಇಲ್ಲದೆ ಬೆಡ್ ತಿರುಚಿಕೊಂಡಿದ್ದರೂ ಹೀಗೇ ಬರುತ್ತದೆ. ಟೈಲ್ ಸ್ಟಾಕ್ ಕಡೆಯ ಒಂದು ಕಾಲಿನ ಕೆಳಗೆ ತೆಳು ತಗಡು ಇಟ್ಟು ಮತ್ತೆ ಕತ್ತರಿಸಿ. ಸಂಖ್ಯೆ ಬದಲಾದರೆ ರೋಗ ನೆಲದ್ದು, ಯಂತ್ರದ್ದಲ್ಲ.

ಸ್ಪಿಂಡಲ್ ಬೇರಿಂಗಿಗೆ: ಡಯಲ್ ಗೇಜಿನ ಸ್ಟ್ಯಾಂಡನ್ನು ಬೆಡ್ಡಿನ ಮೇಲಿಟ್ಟು, ಮುಳ್ಳನ್ನು ಸ್ಪಿಂಡಲ್ ಮೂಗಿನ ನೆತ್ತಿಗೆ ಮುಟ್ಟಿಸಿ, ಚಕ್ಕಿನಲ್ಲಿ ಹಿಡಿದ ಸರಳನ್ನು ಕೈಯಿಂದ ಮೇಲಕ್ಕೆತ್ತಿ. ಎಷ್ಟು ಏಳುತ್ತದೆ ಎಂದು ಬರೆಯಿರಿ. ಬೇರಿಂಗ್ ಬಗೆಯನ್ನೂ ಬರೆಯಿರಿ. ಎಂಎಲ್7ರಲ್ಲಿ ಬಿಳಿಲೋಹದ ಬೇರಿಂಗ್, ಸೂಪರ್ 7ರ ಮುಂಭಾಗದಲ್ಲಿ ಟೇಪರ್ ಕಂಚಿನ ಬುಷ್, ಬೇರೆಯವುಗಳಲ್ಲಿ ರೋಲರ್. ಸಾದಾ ಬೇರಿಂಗಿನಲ್ಲಿ ಎಣ್ಣೆಯ ಪದರಕ್ಕೆಂದು ಸ್ವಲ್ಪ ಸಂದು ಇರಲೇಬೇಕು. ಅದನ್ನು ಸೊನ್ನೆ ಮಾಡಲು ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಕ್ರಾಸ್ ಸ್ಲೈಡಿನ ಹ್ಯಾಂಡಲ್ ಅರ್ಧ ಸುತ್ತು ಸಡಿಲ ಇದ್ದರೆ ಗಾಬರಿ ಬೇಡ. ಕಂಚಿನ ನಟ್ ಒಂದು ಹೊಸದು ಮಾಡಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ.

ಎಣ್ಣೆ, ಕರೆಂಟು

ಮೈಫೋರ್ಡಿನಲ್ಲಿ ಗ್ರೀಸ್ ನಿಪ್ಪಲಿನಂತೆ ಕಾಣುವವೆಲ್ಲ ಎಣ್ಣೆಯ ನಿಪ್ಪಲುಗಳು. ಅವಕ್ಕೆ ಗ್ರೀಸ್ ತುಂಬಿದ ಯಂತ್ರ ನಿಮ್ಮ ಕೈಗೆ ಬಂದರೆ ದಾರಿಗಳನ್ನೆಲ್ಲ ತೊಳೆದು ಶುರು ಮಾಡಬೇಕು. ಎಣ್ಣೆ ಕುಡಿದು ಹೊರಬಿಡುವ ಇಂಥ ಬೇರಿಂಗುಗಳಿಗೆ 32 ದರ್ಜೆಯ (ಎಣ್ಣೆಯ ದಪ್ಪದ ಸಂಖ್ಯೆ) ಹೈಡ್ರಾಲಿಕ್ ಎಣ್ಣೆ, ಬೆಡ್ಡಿಗೆ 68 ದರ್ಜೆಯ ಸ್ಲೈಡ್‌ವೇ ಎಣ್ಣೆ. ಗಾಡಿಯ ಎಂಜಿನ್ ಆಯಿಲ್ ಬೇಡ, ಕೊಳೆಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಅದರ ಗುಣ. ಫಿಲ್ಟರ್ ಇಲ್ಲದ ಲೇತಿಗೆ ಅದು ಹೊಂದುವುದಿಲ್ಲ.

ಮೋಟರ್ ತಟ್ಟೆಯನ್ನು ಪೂರ್ತಿ ನಕಲು ಮಾಡಿ: ವೋಲ್ಟ್, ಆಂಪಿಯರ್, ಎಚ್‌ಪಿ, ಆರ್‌ಪಿಎಂ, ವೈರ್ ಜೋಡಣೆ ಸ್ಟಾರೋ ಡೆಲ್ಟಾವೋ. ಮನೆಯ ಸಿಂಗಲ್ ಫೇಸಿನಲ್ಲಿ ಡ್ರೈವ್ (ಅದನ್ನು ಮೂರು ಫೇಸಿಗೆ ಮಾರ್ಪಡಿಸುವ ಸಾಧನ) ಹಾಕಿ ಓಡಿಸಬಹುದೇ ಎಂದು ಕೇಳಲು ಅಷ್ಟೂ ಬೇಕು. ಬಟ್ಟೆ ಸುತ್ತಿದ ಹಳೇ ವೈರಿಂಗ್ ಇದ್ದರೆ ಅರ್ತಿಂಗ್ ಸಮೇತ ಹೊಸದು ಮಾಡಿಸದೆ ಸ್ವಿಚ್ ಹಾಕಲೇಬೇಡಿ. ಡ್ರೈವ್ ಹಾಕಿದವರಿಗೆ ಒಂದು ಎಚ್ಚರಿಕೆ: ಥ್ರೆಡ್ ಮೂಗಿನ ಲೇತನ್ನು ಥಟ್ಟನೆ ನಿಲ್ಲಿಸಿದರೆ ಅಥವಾ ಹಿಂದಕ್ಕೆ ತಿರುಗಿಸಿ ಕಟ್ ಕೊಟ್ಟರೆ ಚಕ್ ಕಳಚಿಕೊಂಡು ಹಾರಬಹುದು. ಕೈಗವಸು, ಉದ್ದ ತೋಳಿನ ಅಂಗಿ, ಚಕ್ಕಿನಲ್ಲೇ ಮರೆತ ಚಾವಿ, ಈ ಮೂರೂ ಲೇತಿನ ಹತ್ತಿರ ಬರಬಾರದು.

ಕೇಳುವ ಬಗೆ

ಪುಸ್ತಕ ತುಂಬಿದ ಮೇಲೆ ಕೇಳುವುದು ಸುಲಭ. ಹಾಫ್ ನಟ್ (ಲೀಡ್ ಸ್ಕ್ರೂವನ್ನು ಕಚ್ಚಿ ಕ್ಯಾರೇಜನ್ನು ಸರಿಸುವ ಸೀಳು ನಟ್) ಬೇಕಾಗಿದ್ದಾಗ ನಾನು ಬರೆದ ಚೀಟಿ ಇದು:

"ಹಳೇ ಬ್ರಿಟಿಷ್ ಬೆಂಚ್ ಲೇತ್, ಹೆಸರಿನ ತಟ್ಟೆ ಇಲ್ಲ. ಸೆಂಟರ್ ಎತ್ತರ ನಾಲ್ಕೂವರೆ ಇಂಚು, ಸೆಂಟರುಗಳ ನಡುವೆ 24 ಇಂಚು. ಲೀಡ್ ಸ್ಕ್ರೂ ಇಂಚಿಗೆ 8, ಬಲಗೈ ಥ್ರೆಡ್, ಹೊರವ್ಯಾಸ 19.0 ಮಿಲಿಮೀಟರ್. ಗೇರು 20 ಡಿ.ಪಿ. ಏಪ್ರನ್ ಹಿಂಬದಿಯಲ್ಲಿ ಉಬ್ಬು ಅಂಕಿ ಇದೆ, ಫೋಟೊ ಲಗತ್ತಿಸಿದ್ದೇನೆ. ಹಾಫ್ ನಟ್ ಸವೆದಿದೆ, ಥ್ರೆಡ್ ಕತ್ತರಿಸುವಾಗ ಜಾರುತ್ತದೆ. ಇದೇ ಅಂಕಿಯ ಏಪ್ರನ್ ಇರುವವರು ತಮ್ಮ ಹಾಫ್ ನಟ್ಟಿನ ಅಳತೆ ಕೊಟ್ಟರೆ ಕಂಚಿನಲ್ಲಿ ಮಾಡಿಸುತ್ತೇನೆ. ಬಿಚ್ಚಿ ಕಳಿಸುವುದು ಬೇಡ."

ಎರಡು ದಿನದಲ್ಲಿ ಹುಬ್ಬಳ್ಳಿಯ ಒಬ್ಬರು ಉತ್ತರ ಬರೆದರು. ಅವರ ಲೇತಿಗೂ ತಟ್ಟೆ ಇರಲಿಲ್ಲ, ಏಪ್ರನ್ ಮೇಲೆ ಅದೇ ಉಬ್ಬು ಅಂಕಿ ಇತ್ತು. ಭಾನುವಾರ ಕೂತು ಹಾಫ್ ನಟ್ಟಿನ ಎಂಟು ಅಳತೆ ತೆಗೆದು, ಲೆಕ್ಕದ ಹಾಳೆಯಲ್ಲಿ ಕೈಯಲ್ಲೇ ಚಿತ್ರ ಬರೆದು ಕಳಿಸಿದರು. ನನ್ನ ಚೀಟಿಯ ಕೊನೇ ಎರಡು ಸಾಲು ಅವರಿಗೆ ಧೈರ್ಯ ಕೊಟ್ಟವಂತೆ. ಭಾಗವನ್ನೇ ಕೇಳುವವರಿಗೆ ಹೆದರಿ ಎಷ್ಟೋ ಜನ ಉತ್ತರಿಸುವುದಿಲ್ಲ.

ಎಚ್‌ಎಂಟಿ ಲೇತ್ ಆದರೆ ಜಾಲಹಳ್ಳಿ, ವಿದ್ಯಾರಣ್ಯಪುರ ಕಡೆ ಅಲ್ಲೇ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಕಿರ್ಲೋಸ್ಕರ್ ಆದರೆ ಹರಿಹರ, ದಾವಣಗೆರೆ. ಐಟಿಐಗಳ ಹಳೇ ಟರ್ನರ್ ಮೇಷ್ಟ್ರುಗಳನ್ನೂ ಮರೆಯಬೇಡಿ. ಇಂಥವರ ಬಳಿ ಹೋಗುವಾಗ ಪುಸ್ತಕ, ಮುರಿದ ಭಾಗ ಎರಡನ್ನೂ ಒಯ್ಯಿರಿ. ಅವರು ಹೇಳಿದ್ದನ್ನು ಅವರ ಎದುರಿಗೇ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಒಂದು ಫೋನ್ ಮಾಡಿ, "ಸರ್, ನೀವು ಹೇಳಿದ ಹಾಗೇ ಆಯ್ತು" ಎಂದು ತಿಳಿಸಿ. ಆಗದಿದ್ದರೂ ತಿಳಿಸಿ. ಏನು ಫಲ ಬಂತೆಂದು ಗೊತ್ತಾಗದ ಸಲಹೆ ಕೊಟ್ಟವರಿಗೂ ಪ್ರಯೋಜನವಿಲ್ಲ, ಮುಂದೆ ಕೇಳುವವರಿಗೂ ಇಲ್ಲ.

ಕೊಡುವ ಬಗೆ

ಯಾರಾದರೂ ನಿಮ್ಮನ್ನು ಅಳತೆ ಕೇಳಿದರೆ ಯಾವ ಸಾಧನದಿಂದ ಅಳೆದಿರಿ, ಭಾಗ ಸವೆದಿದೆಯೋ ಇಲ್ಲವೋ ಎಂದು ಸೇರಿಸಿ ಕೊಡಿ. '19.0, ವರ್ನಿಯರ್, ಸ್ವಲ್ಪ ಸವೆದಿದೆ' ಎಂಬ ಉತ್ತರ ಬರೀ '19' ಎಂಬುದಕ್ಕಿಂತ ಎಷ್ಟೋ ಮೇಲು. ಇಂಚಿನ ಯಂತ್ರವನ್ನು ಮಿಲಿಮೀಟರಿನಲ್ಲಿ ಅಳೆದಿದ್ದರೆ ಬಂದ ಸಂಖ್ಯೆಯನ್ನೇ ಕೊಡಿ, ನೀವೇ ದುಂಡಗೆ ಮಾಡಬೇಡಿ. 28.55 ಎಂದರೆ ತಿಳಿದವರು ಅದು ಒಂದು ಇಂಚು ಎಂಟನೇ ಒಂದು ಭಾಗ ಎಂದು ಹಿಡಿಯುತ್ತಾರೆ. ನೀವು 28.5 ಅಥವಾ 29 ಎಂದುಬಿಟ್ಟರೆ ಆ ಸುಳಿವು ಕಳೆದುಹೋಯಿತು. ನಿಮ್ಮ ಯಂತ್ರದಲ್ಲಿ ಹಿಂದಿನವರು ಬದಲಿಸಿದ ಭಾಗ ಎಂಬ ಅನುಮಾನವಿದ್ದರೆ ಅದನ್ನೂ ಹೇಳಿ.

ಲೇತ್ ಮಾರಬೇಕಾಗಿ ಬಂದರೆ ಚೇಂಜ್ ಗೇರ್ ಸೆಟ್, ಸ್ಟೆಡಿ (ಉದ್ದ ಸರಳಿಗೆ ಆಸರೆ), ಫೇಸ್ ಪ್ಲೇಟುಗಳನ್ನು (ಕೆಲಸದ ತುಂಡನ್ನು ಬಿಗಿಯುವ ತಟ್ಟೆ) ಬೇರೆ ಬೇರೆ ಮಾರಬೇಡಿ. ಬಿಡಿಯಾಗಿ ಎರಡು ಕಾಸು ಹೆಚ್ಚು ಸಿಗಬಹುದು, ಆದರೆ ಆ ಯಂತ್ರ ಮತ್ತೆ ಥ್ರೆಡ್ ಕತ್ತರಿಸುವುದಿಲ್ಲ. ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿ, ಗೇರುಗಳ ನಡುವೆ ಎಣ್ಣೆ ಹಚ್ಚಿದ ಕಾಗದ ಇಡಿ. ಕ್ಯಾರೇಜನ್ನು ಟೈಲ್ ಸ್ಟಾಕ್ ಕಡೆ ತಳ್ಳಿ ಲಾಕ್ ಮಾಡಿ, ಎತ್ತುವ ಪಟ್ಟಿಯನ್ನು ಬೆಡ್ಡಿಗೆ ಹಾಕಿ ಎತ್ತಲು ಹೇಳಿ. ಲೀಡ್ ಸ್ಕ್ರೂವಿಗೆ ಹಗ್ಗ ತಾಗಿದರೆ ಅದು ಬಾಗುತ್ತದೆ. ಗಾಡಿ ಹೊರಡುವ ಮುನ್ನ ನೋಟ್ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದುಕೊಂಡು, ಮೂಲ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಂಡವರ ಕೈಗೇ ಕೊಡಿ.